‘ಡಿಸಾಸ್ಟ್ರಸ್’ ಎಂಬ ಮಾತಿನ ತೂಕ

ಪರೀಕ್ಷೆ ಮುಗಿಸಿ ಹೊರಬಂದ ನಮ್ಮಲ್ಲಿ ಹಲವರು ‘ಪೇಪರು ಡಿಸಾಸ್ಟ್ರಸ್’ ಎನ್ನುವುದುಂಟು. ಈ ಮಾತಿನ ನಿಜವಾದ ಅರ್ಥವೇನೆಂದು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಇದು ‘ಡಿಸಾಸ್ಟರ್’ ಎಂಬ ನಾಮಪದಕ್ಕೆ ಸಂಬಂಧಿಸಿದ ವಿಶೇಷಣ. ಮೂಲಶಬ್ದವು ಇಟಲಿಯ ಭಾಷೆಯಿಂದ ಫ್ರೆಂಚಿನ ಮೂಲಕ ಹದಿನಾರನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ‘ಆಸ್ಟ್ರೊ’ ಎಂದರೆ ನಕ್ಷತ್ರ. ‘ಡಿಸ್’ ಎಂಬುದು ಕೇಡನ್ನು ಸೂಚಿಸುವ ಉಪಸರ್ಗ. ಆದುದರಿಂದ ಮೊದಮೊದಲು ಈ ವಿಶೇಷಣಕ್ಕೆ ‘ಕೆಟ್ಟ ನಕ್ಷತ್ರದ, ನತದೃಷ್ಟ’ ಎಂಬ ಅರ್ಥವಿತ್ತು. ಕಷ್ಟ ಬಂದಾಗ ನಾವೂ ‘ನನ್ನ ಗ್ರಹಚಾರ’ ಎನ್ನುವುದಿಲ್ಲವೆ? ಅದೂ ಗ್ರಹಗಳ ಸಂಚಾರವೇ! ದೂರದ ಎರಡು ಜನಾಂಗಗಳು ತಮ್ಮ ಕೇಡಿಗೆ ಆಕಾಶವನ್ನೇ ಹೊಣೆ ಮಾಡಿದುದು ಸೋಜಿಗದ ಸಂಗತಿ.

ಈಗ ನಕ್ಷತ್ರದ ಅರ್ಥ ಅಳಿದು, ‘ಭಾರಿ ಹಾನಿಯನ್ನು ತರುವ’ ಎಂಬ ಅರ್ಥ ಉಳಿದಿದೆ. ಪ್ರವಾಹಕ್ಕೂ ಈ ಮಾತು ಸಲ್ಲುತ್ತದೆ, ದುಡುಕಿನ ತೀರ್ಮಾನಕ್ಕೂ ಸಲ್ಲುತ್ತದೆ. ಬರೆಯುವಾಗ ಒಂದು ಎಚ್ಚರಿಕೆ ಬೇಕು: ‘ಡಿಸಾಸ್ಟರ್’ನಲ್ಲಿರುವ ‘ಇ’ ಅಕ್ಷರ ವಿಶೇಷಣದಲ್ಲಿ ಬಿದ್ದುಹೋಗುತ್ತದೆ. ‘ಡಿಸಾಸ್ಟರಸ್’ ಎನ್ನುವುದು ತಪ್ಪು.

ಈ ಮಾತು ಘಟನೆಯ ಗಾತ್ರವನ್ನಲ್ಲ, ಅದರ ಪರಿಣಾಮವನ್ನು ಅಳೆಯುತ್ತದೆ. ಭದ್ರಾ ಕಾಲುವೆಯ ಬಯಲಿನಲ್ಲಿ ಭತ್ತದ ಸಸಿ ನಾಟಿಯಾದ ಮೇಲೆ ಹದವಾಗಿ ಬೀಳುವ ಮಳೆ ಸಂತೋಷ ತರುತ್ತದೆ. ಅಷ್ಟೇ ಮಳೆ, ಕೊಯ್ದ ಭತ್ತ ಕಣದಲ್ಲಿ ಹರಡಿರುವಾಗ ಬಂದರೆ ರೈತನ ಪಾಲಿಗೆ ಡಿಸಾಸ್ಟ್ರಸ್.

ಇದನ್ನು ನನಗೆ ತಿಳಿಸಿಕೊಟ್ಟವಳು ಓದು ಬಾರದ ನನ್ನ ತಾಯಿ. ಅವಳ ತವರು ಹರಿಹರ. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ಅಲ್ಲಿಯ ತಗ್ಗಿನ ಮನೆಗಳಿಗೆ ನೀರು ನುಗ್ಗಿದಾಗ, ನನ್ನ ಅಜ್ಜಿಯ ಮನೆಯ ಜೋಳದ ಚೀಲಗಳೂ ಹಾಸಿಗೆಗಳೂ ನೆಂದು ಹಾಳಾದವು. ಕಳೆದ ವರ್ಷ ನಾನು ದಾವಣಗೆರೆಯ ಮನೆಗೆ ಬಂದು, ಪರೀಕ್ಷೆ ‘ಡಿಸಾಸ್ಟ್ರಸ್’ ಆಯಿತೆಂದು ಹೇಳಿದೆ. ಅವಳು ಅರ್ಥ ಕೇಳಿದಳು. “ದೊಡ್ಡ ಅನಾಹುತ ಆದಂಗೆ, ಅವ್ವ” ಎಂದೆ. “ಅನಾಹುತನಾ? ಯಾರ ಮನಿ ಮುಳುಗಿತೋ?” ಎಂದಳು. ನನಗೆ ಉತ್ತರ ತೋಚಲಿಲ್ಲ.

ಕನ್ನಡದಲ್ಲಿ ‘ಅನಾಹುತಕಾರಿ’, ‘ವಿನಾಶಕಾರಿ’ ಎಂಬ ಪದಗಳಿವೆ. ಆದರೆ ದುಡುಕಿನ ತೀರ್ಮಾನಕ್ಕೆ ನಮ್ಮ ಮನೆಗಳಲ್ಲಿ ಹೇಳುವ ‘ಮನೆಹಾಳು’ ಎಂಬ ಮಾತೇ ಅದಕ್ಕೆ ಹೆಚ್ಚು ಹತ್ತಿರವೆಂದು ನನಗೆ ತೋರುತ್ತದೆ. ಅಂಕ ಕಡಿಮೆಯಾದರೆ ‘ಬ್ಯಾಡ್’ ಎಂದರೆ ಸಾಕು. ಮುಂದಿನ ವರ್ಷ ಮತ್ತೆ ಬರೆಯಬಹುದು. ಸಣ್ಣ ನೋವಿಗೇ ಈ ದೊಡ್ಡ ಮಾತನ್ನು ಖರ್ಚು ಮಾಡಿಬಿಟ್ಟರೆ, ಹೊಳೆ ಮನೆಯೊಳಗೆ ಬಂದ ದಿನ ಹೇಳಲು ನಮ್ಮಲ್ಲಿ ಯಾವ ಮಾತು ಉಳಿದೀತು?