ಬೋಟಿನ ಫ್ಯಾನಿನ ಅಳತೆ

ಕೆರೆಗಿಂತ ಹಿರಿದಾದ ನೀರನ್ನು ದಿನವೂ ಕಾಣದ ಯಲಹಂಕ, ಯಶವಂತಪುರದ ಕಡೆಯವರಿಗೆ ಸಮುದ್ರದ ಬೋಟಿನ ವಿಚಾರವೇಕೆಂದು ವಾಚಕ ಮಹಾಶಯರು ಕೇಳಬಹುದು. ನಮ್ಮ ಶಾಲೆಯಿಂದ ಹೊರಟವರಲ್ಲಿ ಕರಾವಳಿಯ ಮನೆಗಳನ್ನು ಸೇರಿದವರೂ ಉಂಟು, ನಾನು ಅವರಲ್ಲೊಬ್ಬಳು. ಕ್ರಿಸ್ತನ ಶಿಷ್ಯರಲ್ಲಿ ಸೀಮೋನ, ಅಂದ್ರೆಯ, ಯಾಕೋಬ, ಯೋಹಾನರು ಬೆಸ್ತರಾಗಿದ್ದರೆಂದು ಇಲ್ಲಿ ಪಾಠ ಹೇಳಿಸಿಕೊಂಡಾಗ, ನಾನೂ ಒಂದು ದಿನ ಮಲ್ಪೆಯ ಬೋಟೊಂದರ ಲೆಕ್ಕದ ಪುಸ್ತಕವನ್ನು ಬರೆಯುವೆನೆಂದು ಎಣಿಸಿರಲಿಲ್ಲ. ಆ ಪುಸ್ತಕದಲ್ಲಿ ಎಲ್ಲಕ್ಕಿಂತ ದೊಡ್ಡ ಖರ್ಚು ಡೀಸೆಲ್ಲಿನದು. ಅದು ಒಂದು ವರ್ಷ ಕಾರಣವಿಲ್ಲದೆ ಏರಿದಾಗಲೇ ನಾನು ಈ ವಿದ್ಯೆಯನ್ನು ಕಲಿತುದು.

ಬೋಟಿನ ಹಿಂಬದಿಯಲ್ಲಿ ನೀರಿನೊಳಗೆ ತಿರುಗುವ ಪ್ರೊಪೆಲ್ಲರನ್ನು ನಮ್ಮ ಮೀನುಗಾರರು ಫ್ಯಾನ್ ಎನ್ನುವರು. ಅದಕ್ಕೆ ಮುಖ್ಯವಾದ ಅಳತೆಗಳು ಎರಡು. ಎಲೆಗಳ ತುದಿಗಳು ಬರೆಯುವ ವೃತ್ತದ ವ್ಯಾಸ ಒಂದು, ಪಿಚ್ಚು ಇನ್ನೊಂದು. ಮರದೊಳಗೆ ತಿರುಪು ಮೊಳೆ ಒಂದು ಸುತ್ತಿಗೆ ಎಷ್ಟು ಇಳಿಯುವುದೋ ಹಾಗೆ, ಫ್ಯಾನು ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರವೇ ಪಿಚ್ಚು. ನೀರು ಮರದಂತೆ ಗಟ್ಟಿಯಲ್ಲವಾದುದರಿಂದ ಅಷ್ಟು ದೂರ ಸಾಗುವುದಿಲ್ಲ. ಕಡಮೆಯಾಗುವ ಭಾಗಕ್ಕೆ ಜಾರು ಎನ್ನೋಣ.

ಒಂದು ಲೆಕ್ಕ ನೋಡಿರಿ. ಎಂಜಿನ್ನು ನಿಮಿಷಕ್ಕೆ 1800 ಸುತ್ತು ತಿರುಗುವುದು; ಗೇರ್‌ಬಾಕ್ಸು ಅದನ್ನು ಮೂರರಲ್ಲೊಂದಾಗಿ ತಗ್ಗಿಸಲು ಫ್ಯಾನಿಗೆ 600 ಸುತ್ತು. ಪಿಚ್ಚು 24 ಅಂಗುಲ, ಅಂದರೆ 2 ಅಡಿಯಾದರೆ ನಿಮಿಷಕ್ಕೆ 1200 ಅಡಿ, ಗಂಟೆಗೆ 72,000 ಅಡಿ. ಸಮುದ್ರದ ಮೈಲಿಗೆ 6080 ಅಡಿಯಂತೆ ಇದು ಸುಮಾರು 11.8 ನಾಟು. ಬೋಟು ನಿಜವಾಗಿ 8.3 ನಾಟಿನಲ್ಲಿ ಹೋಗುತ್ತಿದ್ದರೆ ನೂರಕ್ಕೆ 30 ಪಾಲು ಜಾರಿತೆಂದರ್ಥ. ಭಾರವಾದ ಬೋಟಿಗೆ ಇಷ್ಟು ಜಾರು ದೋಷವಲ್ಲ. ಪಿಚ್ಚು ಹೆಚ್ಚಿಸಿದೊಡನೆ ವೇಗ ಹೆಚ್ಚುವುದೆಂಬುದೂ ಭ್ರಾಂತಿ. ನೀರುಮಟ್ಟದಲ್ಲಿ ಬೋಟಿನ ಉದ್ದ 49 ಅಡಿಯಾದರೆ, ಅದರ ವರ್ಗಮೂಲವಾದ 7ನ್ನು 1.34ರಿಂದ ಗುಣಿಸಿದಾಗ ಬರುವ ಸುಮಾರು 9.4 ನಾಟಿನ ಆಚೆಗೆ ಅದು ತಾನೇ ಎಬ್ಬಿಸಿದ ಅಲೆಯನ್ನು ಹತ್ತಲಾರದೆ ಡೀಸೆಲ್ಲನ್ನು ಮಾತ್ರ ಕುಡಿಯುವುದು. (ವರ್ಗಮೂಲವೆಂದರೆ ಅಳುತ್ತಿದ್ದವಳು ಬರೆದುದೆಂದು ನಮ್ಮ ಗಣಿತದ ಉಪಾಧ್ಯಾಯಿನಿಯವರು ಇದನ್ನೋದಿ ನಗದಿರಲಾರರು.)

ಹಾಗಾದರೆ ಸರಿಯಾದ ಫ್ಯಾನು ಯಾವುದು? ಬೋಟಿನಲ್ಲಿ ಪೂರ್ಣ ಭಾರವಿರುವಾಗ ಎಂಜಿನ್ನಿಗೆ ಪೂರ್ಣ ಇಂಧನ ಕೊಟ್ಟರೆ, ತಯಾರಕರು ಗೊತ್ತುಮಾಡಿದ ಸುತ್ತುಗಳನ್ನು ಅದು ಮುಟ್ಟಬೇಕು. ಮುಟ್ಟದಿದ್ದರೆ ಫ್ಯಾನು ಹೊರೆಯಾಗಿದೆ: ಸಿಲಿಂಡರಿನಲ್ಲಿ ಡೀಸೆಲ್ಲು ಪೂರಾ ಉರಿಯದೆ ಕಪ್ಪು ಹೊಗೆ ಬರುವುದು, ಎಂಜಿನ್ನು ಕಾಯುವುದು, ಆಯುಸ್ಸು ಕುಂದುವುದು. ಸುಲಭವಾಗಿ ಮುಟ್ಟಿ ಇನ್ನೂ ಮೀರಲು ಹವಣಿಸಿದರೆ ಫ್ಯಾನು ಹಗುರ. ಕೊಂಡ ಬಲವೆಲ್ಲ ನೀರಿಗೆ ತಲಪುತ್ತಿಲ್ಲ.

ನಮ್ಮ ಮನೆಯಲ್ಲಾದುದು ಮೊದಲನೆಯ ಬಗೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಷ್ಟೆ. ಆ ಬಿಡುವಿನಲ್ಲಿ ಭಾವನವರು ಹಳೆಯ ಎಂಜಿನ್ನನ್ನು ತೆಗೆಸಿ, ಅಷ್ಟೇ ಸುತ್ತಿನ, ಒಂದೂವರೆ ಪಾಲು ಬಲದ ಹೊಸದನ್ನು ಕೂಡಿಸಿದರು. ಹಳೆಯ ಗೇರು 4ಕ್ಕೆ 1. ಹೊಸದು 3ಕ್ಕೆ 1. ಫ್ಯಾನು ಮಾತ್ರ ಅದೇ. 450 ಸುತ್ತು ತಿರುಗುತ್ತಿದ್ದುದು 600 ತಿರುಗಬೇಕಾಯಿತು. ಫ್ಯಾನು ಬೇಡುವ ಬಲ ಸುತ್ತಿನ ಘನದಂತೆ ಏರುವುದರಿಂದ, ಅದಕ್ಕೆ ಬೇಕಾದುದು ಸುಮಾರು 2.4 ಪಾಲು ಬಲ, ಇದ್ದುದು ಒಂದೂವರೆ. ಆಗಸ್ಟಿನಲ್ಲಿ ಎಂಜಿನ್ನು 1400ರ ಆಸುಪಾಸಿನಿಂದ ಮೇಲೇಳಲೇ ಇಲ್ಲ. ಕಾರ್ಖಾನೆಯವರು ಪಂಪನ್ನು ಎರಡು ಸಲ ಬಿಚ್ಚಿದರು. ಒಂದು ರಾತ್ರಿ ಗಾಳಿಯೆದ್ದಾಗ ಕಾದ ಎಂಜಿನ್ನನ್ನು ನಿಲ್ಲಿಸಬೇಕಾಗಿ, ಬೋಟಿನಲ್ಲಿದ್ದವರು ಮತ್ತೊಂದು ಬೋಟು ಬಂದು ಎಳೆಯುವ ತನಕ ತೇಲುತ್ತಿದ್ದರು. ನಾವು ಹೆಂಗಸರು ಬಂದರಿನಲ್ಲಿ ಬೆಳಗು ಮಾಡಿದೆವು. ಕೊನೆಗೆ ವ್ಯಾಸ, ಪಿಚ್ಚು ಎರಡೂ ಕಡಮೆಯಾದ ಫ್ಯಾನನ್ನು ಹಾಕಿಸಿದ ಮೇಲೆ ಹೊಗೆ ತಿಳಿಯಾಯಿತು. ಗೇರನ್ನೇ 4ಕ್ಕೆ 1ರದಾಗಿ ತಂದಿದ್ದರೆ ಇನ್ನೂ ಲೇಸಾಗುತ್ತಿತ್ತೆಂಬುದು ನನ್ನ ಅಭಿಪ್ರಾಯ, ಭಾವನವರು ಒಪ್ಪರು.

ಏಕೆಂದರೆ ಟ್ರಾಲ್ ಬೋಟಿನ ಕೆಲಸ ಓಡುವುದಕ್ಕಿಂತ ಎಳೆಯುವುದು. ಬಲೆ ಎಳೆಯುವಾಗ ವೇಗ ಸುಮಾರು 3 ನಾಟು ಮಾತ್ರ. ಆಗ ದೊಡ್ಡ ವ್ಯಾಸದ, ಕಡಮೆ ಪಿಚ್ಚಿನ, ನಿಧಾನವಾಗಿ ತಿರುಗುವ ಫ್ಯಾನೇ ಮೇಲು. ಆದರೆ ಫ್ಯಾನಿನ ತುದಿಗೂ ಬೋಟಿನ ತಳಕ್ಕೂ ನಡುವೆ ವ್ಯಾಸದ ಹತ್ತನೆಯ ಒಂದು ಪಾಲಿಗೆ ಕಡಮೆಯಿಲ್ಲದೆ ಎಡೆಯಿರಬೇಕು. ವ್ಯಾಸದ ವಿಷಯದಲ್ಲಿ ಕೈ ಬಿಗಿಯಿರಲಿ: ಆಕಾರವೂ ಸುತ್ತೂ ಅವೇ ಇದ್ದು 24 ಅಂಗುಲ 25 ಆದರೆ ಬೇಕಾಗುವ ಬಲ ನೂರಕ್ಕೆ ಸುಮಾರು 23ರಷ್ಟು ಏರುವುದು. ಚಿಕ್ಕ ಫ್ಯಾನನ್ನು ಅತಿವೇಗದಿಂದ ತಿರುಗಿಸಿದರೆ ಎಲೆಯ ಬೆನ್ನಿನಲ್ಲಿ ನೀರು ಆವಿಗುಳ್ಳೆಗಳಾಗಿ, ಅವು ಒಡೆದು ಲೋಹವನ್ನು ಕೊರೆಯುವುವು. ಪಾರ್ಸನ್ಸರ ‘ಟರ್ಬಿನಿಯಾ’ ಹಡಗು 1894ರಲ್ಲಿ ಇದರಿಂದಲೇ ವೇಗಗೆಟ್ಟಿತು. ಒಂದು ದಂಡವನ್ನು ಮೂರಾಗಿಸಿ, ಒಂದೊಂದಕ್ಕೂ ಮೂರು ಮೂರು ಫ್ಯಾನುಗಳನ್ನು ಹಾಕಿದ ಬಳಿಕ 1897ರಲ್ಲಿ 34 ನಾಟಿನಷ್ಟು ಓಡಿತು. ಅದಕ್ಕೂ ಮುಂಚೆ 1837ರಲ್ಲಿ ಸ್ಮಿತ್ ಎಂಬವರ ಮರದ ತಿರುಪು ಕಾಲುವೆಯಲ್ಲಿ ಅರ್ಧ ಮುರಿದು ಹೋಗಲು ದೋಣಿ ನಿಲ್ಲುವ ಬದಲು ಮೊದಲಿಗಿಂತ ವೇಗವಾಗಿ ಓಡಿತಂತೆ!

1996ರಿಂದ ಯಲಹಂಕದಲ್ಲಿ ನಡೆಯುತ್ತ ಬಂದಿರುವ ವಿಮಾನ ಪ್ರದರ್ಶನಕ್ಕೆ ಮಕ್ಕಳನ್ನು ಕರೆದೊಯ್ದವರು ಪ್ರೊಪೆಲ್ಲರಿನ ವಿಮಾನಗಳನ್ನೂ ನೋಡಿರಬಹುದು. ಅವುಗಳಲ್ಲಿ ಹಲವಕ್ಕೆ ಹಾರುವಾಗಲೇ ಎಲೆಗಳ ಓರೆಯನ್ನು ಬದಲಿಸುವ ಸೌಕರ್ಯವುಂಟು. ನಮ್ಮ ಬೋಟಿನ ಎರಕದ ಫ್ಯಾನಿಗೆ ಅದಿಲ್ಲ. ಆದುದರಿಂದ ಅದನ್ನು ಹೇಳಿ ಮಾಡಿಸುವಾಗ ವ್ಯಾಸವನ್ನು ಮೊದಲು, ಪಿಚ್ಚನ್ನು ಆಮೇಲೆ, ಬಲಕ್ಕೆ ತಿರುಗುವುದೋ ಎಡಕ್ಕೋ ಎಂಬುದನ್ನೂ, ಎಂಜಿನ್ನಿನ ಸುತ್ತು ಗೇರುಗಳನ್ನೂ ಬರೆದುಕೊಡತಕ್ಕದ್ದು. ಪರೀಕ್ಷೆಯನ್ನು ಬರಿದಾದ ಬೋಟಿನಲ್ಲಿ ಮಾಡಬಾರದು. ಮಂಜುಗಡ್ಡೆ, ಡೀಸೆಲ್ಲು, ಬಲೆ, ಜನ ಎಲ್ಲವನ್ನೂ ತುಂಬಿಕೊಂಡು ಅಳಿವೆಯಾಚೆ ಹೋಗಿ, ಬಲೆಯನ್ನೂ ಒಮ್ಮೆ ಎಳೆದು, ಆಗ ಸುತ್ತಿನ ಮಾಪಕವನ್ನು ನೋಡಬೇಕು.