ರೊಟ್ಟಿ, ಗೂಡು, ಮೀಸೆ, ಬೇರು

ಊಟ ಮುಗಿದು ದೊಡ್ಡವರೆಲ್ಲ ಅಡ್ಡಾದ ಹೊತ್ತು. ಸುಳ್ಯದ ನಮ್ಮ ಮನೆಯ ಜಗಲಿಯಲ್ಲಿ ಮೂರು ತಲೆಗಳು ಒಂದೇ ಚೀಟಿಯ ಮೇಲೆ ಬಗ್ಗಿವೆ. ರಜೆಗೆ ಬಂದ ಹುಡುಗ ಪುತ್ತೂರಿನವನು, ಹುಡುಗಿ ಕಡಬದವಳು, ಚಿಕ್ಕವಳು ಇಲ್ಲಿಯವಳೇ. ಚೀಟಿಯಲ್ಲಿ ನಾನು ಬರೆದದ್ದು ರೊಟ್ಟಿ, ಗೂಡು, ಮೀಸೆ, ಬೇರು. ಕೆಳಗೆ ಇನ್ನೆರಡು ಪದಗಳಿವೆ, ಅವನ್ನು ಇಲ್ಲಿ ಹೇಳುವುದಿಲ್ಲ. ನಾನು ಬಚ್ಚಿಟ್ಟ ಡಬ್ಬಿ ಇನ್ನೂ ಅಲ್ಲೇ ಉಂಟು.

"ಮಾವ, ಮೀಸೆಗೆ ಎಷ್ಟು ಬರ್ತದೆ?"

"ಕಟಪಯಾದಿ ಹಾಕಿ ನೋಡು."

ಸಂಗೀತ ಕಲಿಯುವ ಕಡಬದವಳಿಗೆ ಅಕ್ಷರವನ್ನು ಅಂಕಿಯಾಗಿಸುವ ಈ ಲೆಕ್ಕ ಹೊಸದಲ್ಲ. ಮಾಯಾಮಾಳವಗೌಳ 15ನೆಯ ಮೇಳ ಎಂದು ಹೆಸರಿನ ಮೊದಲ ಎರಡು ಅಕ್ಷರಗಳೇ ಹೇಳುತ್ತವೆ. ಕ, ಟ, ಪ, ಯ ನಾಲ್ಕೂ ಒಂದು. ಅಲ್ಲಿಂದ ಮುಂದಕ್ಕೆ ಎಣಿಸುತ್ತ ಹೋಗಬೇಕು. ಮ ಐದು, ಸ ಏಳು. ಅಂಕಿಗಳನ್ನು ಹಿಂದುಮುಂದು ಮಾಡಿದರೆ ಮೀಸೆ 75. ರೊಟ್ಟಿ 12. ಪುತ್ತೂರು, ಸುಳ್ಯ, ಕಡಬ ಮೂರೂ ಪೇಟೆಗಳು 12 ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವದಲ್ಲೇ ಇರುವುದರಿಂದ ಈ ಎರಡು ಪದ ನಮ್ಮ ಯಾವ ಚೀಟಿಗೂ ಆಗುತ್ತವೆ. ಗೂಡು 33, ಬೇರು 23. ಅವು ಸುಳ್ಯದ ಮಿನಿಟುಗಳು. ಒಂದು ಮಿನಿಟೆಂದರೆ ಹೆಚ್ಚುಕಡಿಮೆ 1.8 ಕಿಲೋಮೀಟರ್, ಸಾವಿರದ ಒಂದು ಪಾಲಿನವರೆಗೆ ಬರೆದರೆ ಮಾತ್ರ ಮರದ ಬುಡ ಸಿಗುತ್ತದೆ.

2000ದ ಮೇ ತಿಂಗಳಲ್ಲಿ, ನಾಗರಿಕರ ಜಿಪಿಎಸ್ಸನ್ನು ಬೇಕೆಂದೇ ಮಸುಕಾಗಿಸುವುದನ್ನು ಅಮೆರಿಕ ನಿಲ್ಲಿಸಿದ ಬೆನ್ನಿಗೇ, ಆರೆಗಾನಿನ ಡೇವ್ ಉಲ್ಮರ್ ಕಾಡಿನಲ್ಲಿ ಬಕೆಟ್ ಇಟ್ಟು ಶುರುಮಾಡಿದ ಆಟ ಇದು: ಜಿಯೋಕ್ಯಾಶಿಂಗ್. ಒಪ್ಪಿಗೆಯಿಲ್ಲದೆ ನೆಲ ಅಗೆದು ಡಬ್ಬಿ ಹೂಳಬಾರದು ಎಂಬ ಅದರ ನಿಯಮ ನನಗೆ ಬಹಳ ಇಷ್ಟ. ನಿಧಿಯ ಹೆಸರಿನಲ್ಲಿ ಅಗೆದು ಹಾಳುಮಾಡಿದ ಜಾಗಗಳು ನಮ್ಮಲ್ಲಿ ಸಾಕಷ್ಟಿವೆ. ಆ ಆಟದವರು ಸುಳಿವನ್ನು ಹದಿಮೂರು ಅಕ್ಷರ ಆಚೆ ಸರಿಸಿ ಬರೆಯುತ್ತಾರೆ; 26 ಅಕ್ಷರದ ಇಂಗ್ಲಿಷಿಗೆ ಅದು ಸರಿ. ಕನ್ನಡದಲ್ಲಿ ಹಾಗೆ ಸರಿಸಹೊರಟರೆ ಒತ್ತು, ಕಾಗುಣಿತ ತೊಡರುತ್ತವೆ. ಕಟಪಯಾದಿಗೆ ಕಾಗುಣಿತದ ಗೊಡವೆಯೇ ಇಲ್ಲ. ಗೇರು, ಗರಿ, ಗುರಿ ಎಲ್ಲವೂ 23. ನಾನು ಬೇರು ಆರಿಸಿದ್ದು ಬೇಕೆಂದೇ.

ಅಡಿಕೆ ತೋಟದೊಳಗೆ ಹೊಕ್ಕರೆ ಸೋಗೆಯ ನೆರಳಿನಲ್ಲಿ ಫೋನಿನ ನೀಲಿ ಚುಕ್ಕೆ ನಿಂತಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಚೀಟಿಯ ಕೊನೆಯ ಸಾಲು: ಕಾಲುಸಂಕದಿಂದ ಪೂರ್ವಕ್ಕೆ 'ಸುಳ್ಯ' ಹೆಜ್ಜೆ. ಹುಡುಗ ಓಡಿದ. ಸ ಏಳು, ಳ ಒಂಬತ್ತು. 97 ಎಣಿಸಿ ನೆರೆಯವರ ರಬ್ಬರ್ ತೋಟದ ಬೇಲಿಗೆ ಮುಟ್ಟಿದ. ಕಡಬದವಳು ಸಂಕದ ಮೇಲೆಯೇ ಕೂತು ಬೆರಳಿನಿಂದ ಗಾಳಿಯಲ್ಲಿ ಬರೆಯುತ್ತಿದ್ದಾಳೆ. ಸು. ಳ. ಅದರಡಿಗೆ ಯ. ತಟ್ಟನೆ ಎದ್ದಳು.

"ಒತ್ತಕ್ಷರದಲ್ಲಿ ಕೊನೆಯದ್ದು ಮಾತ್ರ ಲೆಕ್ಕ! ಹದಿನೇಳೇ ಹೆಜ್ಜೆ!"

ಹದಿನೇಳಕ್ಕೆ ಕಾಟುಮಾವಿನ ಮರ. ಎರಡು ಬೇರುಗಳ ಸಂದಿನಲ್ಲಿ, ತರಗೆಲೆಯ ಅಡಿಯಲ್ಲಿ ಸ್ಟೀಲಿನ ಡಬ್ಬಿ. ಮುಚ್ಚಳದ ಮೇಲೆ ಚಗಳಿಗಳ ಸಾಲು. ಚಿಕ್ಕವಳು ಒಂದೊಂದನ್ನೇ ಊದಿ ಓಡಿಸುವವರೆಗೂ ಉಳಿದಿಬ್ಬರು ಕೈಯಿಕ್ಕಲಿಲ್ಲ. ಒಳಗೊಂದು ನೋಟುಪುಸ್ತಕ, ಮೋಟು ಪೆನ್ಸಿಲ್, ಮೂರು ಗುಲಗಂಜಿ.

ಹೆಸರು ಬರೆದದ್ದಾಯಿತು. ಆದರೂ ಪೆನ್ಸಿಲ್ ಹುಡುಗನ ಕೈಯಿಂದ ಇಳಿಯಲಿಲ್ಲ. ಪುತ್ತೂರು 261. ಕಡಬ 331. ಎರಡು ಸಲ ಲೆಕ್ಕ ಹಾಕಿದ.

"ಮಾವ, ಪುತ್ತೂರು ಕಡಬಕ್ಕಿಂತ ಚಿಕ್ಕದಾ?"