ಬೇಟೆ ಕೋವಿಗೂ ‘ಕನಿಷ್ಠ ದರ’: ಲಾಭ ಯಾರಿಗೆ, ಭಾರ ಯಾರಿಗೆ?

ಕಾಸರಗೋಡು: ‘ಎಂಆರ್‌ಪಿ ಇಷ್ಟುಂಟು, ನೀವು ಎಷ್ಟಕ್ಕೆ ಕೊಡ್ತೀರಿ?’ ಮಿಕ್ಸಿ ಇರಲಿ, ಪಂಪ್‌ಸೆಟ್ ಇರಲಿ, ನಮ್ಮ ಪೇಟೆಗಳಲ್ಲಿ ವ್ಯಾಪಾರದ ಮಾತು ಶುರುವಾಗುವುದೇ ಹೀಗೆ. ಪೆಟ್ಟಿಗೆಯ ಮೇಲೆ ಅಚ್ಚಾದ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ಕಡಿಮೆಗೆ ಕೊಡಲು ಅಡ್ಡಿಯಿಲ್ಲ. ಅಂದರೆ ನಮ್ಮ ಕಾನೂನು ಬೆಲೆಗೆ ಮಾಡು ಹಾಕಿದೆ, ನೆಲ ಹಾಕಿಲ್ಲ. ಅಮೆರಿಕದಲ್ಲಿ ಬೇಟೆ ರೈಫಲ್ ಕೊಳ್ಳಲು ಹೊರಟವನಿಗೆ ಎದುರಾಗುವುದು ಇದಕ್ಕೆ ತದ್ವಿರುದ್ಧವಾದ ವ್ಯವಸ್ಥೆ. ಅಲ್ಲಿ ಅನೇಕ ಕಂಪನಿಗಳು ಬೆಲೆಗೆ ನೆಲವನ್ನೇ ಕಟ್ಟಿಟ್ಟಿವೆ.

ಕೋವಿಯ ಸುದ್ದಿ ಗಡಿನಾಡಿನವರಿಗೆ ಹೊಸತಲ್ಲ. ಬೆಳೆ ಹಾಳು ಮಾಡುವ ಕಾಡುಹಂದಿಗಳನ್ನು ಲೈಸನ್ಸ್ ಇರುವ ಕೋವಿದಾರರಿಂದ ಕೊಲ್ಲಿಸಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಸ್ಥಳೀಯಾಡಳಿತ ಸಂಸ್ಥೆಗಳ ಮುಖ್ಯಸ್ಥರಿಗೆ ನೀಡಿತು. ಆದರೆ ಇಲ್ಲಿ ಕೋವಿ ಬೆಳೆ ಕಾಯುವುದಕ್ಕೆ ಮಾತ್ರ. ಮೋಜಿನ ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಜಾಗವಿಲ್ಲ. ಅಮೆರಿಕದಲ್ಲಿ ಜಿಂಕೆ ಬೇಟೆ ಕಾನೂನುಬದ್ಧ. ಅದಕ್ಕೆ ಋತು ಉಂಟು, ಪರವಾನಗಿ ಉಂಟು, ಸಣ್ಣ ಪೇಟೆಗಳಲ್ಲೂ ಕೋವಿ ಅಂಗಡಿ ಉಂಟು.

ಏನಿದು ‘ಮ್ಯಾಪ್’?

ಮಿನಿಮಮ್ ಅಡ್ವರ್ಟೈಸ್ಡ್ ಪ್ರೈಸ್, ಚುಟುಕಾಗಿ ‘ಮ್ಯಾಪ್’. ತನ್ನ ಮಾಲಿಗೆ ಇಂತಿಷ್ಟಕ್ಕಿಂತ ಕಡಿಮೆ ಬೆಲೆಯನ್ನು ಜಾಹೀರಾತಿನಲ್ಲಿ ತೋರಿಸಕೂಡದು ಎಂದು ತಯಾರಕ ಕಂಪನಿ ಡೀಲರುಗಳಿಗೆ ಹೇಳುವುದೇ ಈ ನೀತಿ. ಉದಾಹರಣೆಗೆ, ಡೀಲರಿಗೆ 600 ಡಾಲರಿಗೆ ಸಿಕ್ಕಿದ ರೈಫಲಿಗೆ ಕಂಪನಿ 700 ಡಾಲರಿನ ಮ್ಯಾಪ್ ಇಟ್ಟಿದೆ ಎಂದಿಟ್ಟುಕೊಳ್ಳಿ. ಪತ್ರಿಕೆಯಲ್ಲಾಗಲಿ ಇಂಟರ್‌ನೆಟ್‌ನಲ್ಲಾಗಲಿ 650 ಎಂದು ಹಾಕುವಂತಿಲ್ಲ. ಅಂಗಡಿಯೊಳಗೆ ಬಂದ ಗಿರಾಕಿಗೆ 650ಕ್ಕೆ ಕೊಟ್ಟರೆ ತಪ್ಪಲ್ಲ. ಆನ್‌ಲೈನ್ ಅಂಗಡಿಗಳಲ್ಲಿ ‘ದರಕ್ಕೆ ಫೋನ್ ಮಾಡಿ’, ‘ಬೆಲೆ ನೋಡಲು ಬುಟ್ಟಿಗೆ ಹಾಕಿ’ ಎಂಬ ಒಗಟಿನ ಸಾಲುಗಳು ಕಾಣಿಸುವುದು ಇದರಿಂದಲೇ.

ಇದಕ್ಕಿಂತ ಬಿಗಿಯಾದ ಇನ್ನೊಂದು ಬಗೆಯೂ ಇದೆ. ಅಲ್ಲಿ ಜಾಹೀರಾತು ಮಾತ್ರವಲ್ಲ, ಮಾರಾಟವೇ ಆ ದರಕ್ಕಿಂತ ಕೆಳಗೆ ಇಳಿಯಬಾರದು. ಮೀರಿದರೆ ಎಚ್ಚರಿಕೆ, ಆಮೇಲೆ ಮಾಲು ಬಂದ್.

ಸಣ್ಣ ಅಂಗಡಿಯವನ ಪಾಡು

ಇದರಿಂದ ಸಣ್ಣ ಡೀಲರಿಗೆ ಅನುಕೂಲವಿಲ್ಲ ಎನ್ನುವಂತಿಲ್ಲ. ದೊಡ್ಡ ಮಳಿಗೆ ನೂರಾರು ರೈಫಲ್ ಒಟ್ಟಿಗೆ ಎತ್ತುತ್ತದೆ, ಸಣ್ಣವನು ಎರಡೋ ಮೂರೋ ತರಿಸುತ್ತಾನೆ. ನೆಲ ಎಂಬುದು ಇಲ್ಲದಿದ್ದರೆ ದೊಡ್ಡವನು ಜಾಹೀರಾತು ಕೊಡುವ ದರ, ಸಣ್ಣವನು ಕೊಂಡ ದರಕ್ಕಿಂತಲೂ ಕಡಿಮೆ ಇರಬಹುದು.

ಕೋವಿಯ ವಿಷಯದಲ್ಲಿ ಇನ್ನೊಂದು ಪೇಚು ಇದೆ. ರೈಫಲನ್ನು ಹೆಗಲಿಗಿಟ್ಟು ನೋಡಬೇಕು, ತೂಕ ಹೊಂದುತ್ತದೆಯೇ ತಿಳಿಯಬೇಕು, ದುರ್ಬೀನು ಕೂರಿಸಿ ಗುರಿ ಸರಿಮಾಡಿಸಬೇಕು. ಇದಕ್ಕೆಲ್ಲ ಊರಿನ ಅಂಗಡಿಯೇ ಬೇಕು. ಗಿರಾಕಿ ಅಲ್ಲಿ ಅರ್ಧ ದಿನ ಕಳೆದು, ಮನೆಗೆ ಹೋಗಿ ಆನ್‌ಲೈನ್‌ನಲ್ಲಿ ಕಡಿಮೆಗೆ ತರಿಸಿದರೆ? 1968ರ ಕೋವಿ ನಿಯಂತ್ರಣ ಕಾನೂನಿನ ಪ್ರಕಾರ, ಬೇರೆ ರಾಜ್ಯದ ವ್ಯಾಪಾರಿ ಕೋವಿಯನ್ನು ನೇರವಾಗಿ ಗಿರಾಕಿಯ ಮನೆಗೆ ಕಳುಹಿಸುವಂತಿಲ್ಲ. ಅದು ಊರಿನ ಲೈಸನ್ಸ್‌ದಾರ ಡೀಲರಿನ ಕೈಗೇ ಬರಬೇಕು. ಆತನೇ ಫಾರಂ ತುಂಬಿಸಿ, ಹಿನ್ನೆಲೆ ತಪಾಸಣೆ ಮಾಡಿಸಿ ಕೊಡಬೇಕು. ತನ್ನ ಗಿರಾಕಿ ಬೇರೆಯವನಲ್ಲಿ ಕೊಂಡ ಕೋವಿಯನ್ನು ತನ್ನದೇ ಮೇಜಿನ ಮೇಲಿಟ್ಟು ಒಂದಿಷ್ಟು ಸೇವಾಶುಲ್ಕಕ್ಕೆ ದಾಟಿಸಿ ಕೊಡುವ ಸಂಕಟ ಆತನದು. ಜಾಹೀರಾತಿನ ದರ ಎಲ್ಲ ಕಡೆಯೂ ಒಂದೇ ಆದರೆ, ‘ಇಲ್ಲೇ ತಗೊಳ್ಳುವಾ’ ಎನ್ನುವವರು ಹೆಚ್ಚುತ್ತಾರೆ ಎಂಬುದು ಮ್ಯಾಪ್ ಪರ ಇರುವವರ ವಾದ.

ಆದರೆ ಅದೇ ನೆಲ ಕಾಲಿಗೆ ಕಟ್ಟಿದ ಕಲ್ಲೂ ಆಗುತ್ತದೆ. ಬೇಟೆ ಋತು ಮುಗಿದ ಮೇಲೆ ಮಾರಾಟವಾಗದೆ ಉಳಿದ ರೈಫಲಿನಲ್ಲಿ ದುಡ್ಡು ಸಿಕ್ಕಿಬಿದ್ದಿರುತ್ತದೆ. ‘ದರ ಇಳಿಸಿದ್ದೇವೆ’ ಎಂದು ಬೋರ್ಡು ಹಾಕೋಣವೆಂದರೆ ಕಂಪನಿ ಒಪ್ಪಬೇಕು. ಹಾಗಾಗಿ ಡೀಲರುಗಳು ಅಡ್ಡದಾರಿ ಹುಡುಕುತ್ತಾರೆ: ದರ ಅಷ್ಟೇ, ಜತೆಗೆ ಹೆಗಲಪಟ್ಟಿ ಉಚಿತ, ಸಾಗಾಟ ಉಚಿತ.

ಕೊಳ್ಳುವವನ ಕಿಸೆ

ಕೊಳ್ಳುವವನಿಗೆ ಮೊದಲ ನಷ್ಟ ಮಾಹಿತಿಯದ್ದು. ಎಲ್ಲ ಕಡೆಯೂ ಒಂದೇ ದರ ಕಂಡರೆ ಯಾರು ಕಡಿಮೆಗೆ ಕೊಡುತ್ತಾರೆಂದು ತಿಳಿಯುವುದು ಹೇಗೆ? ಹತ್ತು ಕಡೆ ಫೋನ್ ಮಾಡಿ ಚೌಕಾಸಿ ಮಾಡುವವನಿಗೆ ಕಡಿಮೆಗೆ ಸಿಗುತ್ತದೆ, ಸಂಕೋಚದವನು ಪೂರ್ತಿ ತೆರುತ್ತಾನೆ.

ಜಾಹೀರಾತಿನ ಕಟ್ಟುಪಾಡು ಕಿಸೆಯನ್ನು ಎಷ್ಟು ಮುಟ್ಟಬಹುದೆಂಬುದಕ್ಕೆ ಸಂಗೀತದ ಸಿ.ಡಿ.ಗಳ ಪ್ರಕರಣ ನೋಡಬಹುದು. ಐದು ದೊಡ್ಡ ಸಂಗೀತ ಕಂಪನಿಗಳ ಮ್ಯಾಪ್ ನೀತಿಯಿಂದ ಮೂರು ವರ್ಷಗಳಲ್ಲಿ ಗ್ರಾಹಕರು 48 ಕೋಟಿ ಡಾಲರಿನಷ್ಟು ಹೆಚ್ಚು ತೆತ್ತಿರಬಹುದೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2000ದಲ್ಲಿ ಅಂದಾಜಿಸಿತ್ತು. ಕಂಪನಿಗಳು ಆ ನೀತಿ ಕೈಬಿಡಲು ಒಪ್ಪಿಕೊಂಡವು.

ಕೋರ್ಟಿನ ದಾರಿ

ತಯಾರಕ ಮತ್ತು ವ್ಯಾಪಾರಿ ಸೇರಿ ಕನಿಷ್ಠ ಮಾರಾಟ ದರ ಕಟ್ಟುವುದು ಕಾನೂನುಬಾಹಿರ ಎಂದು ಅಲ್ಲಿನ ಸುಪ್ರೀಂ ಕೋರ್ಟು 1911ರಲ್ಲಿ ಡಾ. ಮೈಲ್ಸ್ ಔಷಧ ಕಂಪನಿಯ ಪ್ರಕರಣದಲ್ಲಿ ಹೇಳಿತು. 1919ರ ಕೋಲ್ಗೇಟ್ ಪ್ರಕರಣದಲ್ಲಿ ಸಣ್ಣ ಬಾಗಿಲೊಂದು ತೆರೆಯಿತು. ಒಪ್ಪಂದ ಇಲ್ಲದೆ ಕಂಪನಿ ತಾನಾಗಿ ದರ ಘೋಷಿಸಿ, ಪಾಲಿಸದವರಿಗೆ ಮಾಲು ಕೊಡದಿರಬಹುದು ಎಂದಾಯಿತು. 2007ರಲ್ಲಿ ಚರ್ಮದ ಸಾಮಾನಿನ ಲೀಜಿನ್ ಕಂಪನಿಯ ಪ್ರಕರಣದಲ್ಲಿ ಐದು–ನಾಲ್ಕರ ಬಹುಮತದ ತೀರ್ಪು ಬಂತು: ಇಂಥ ದರ ತನ್ನಿಂತಾನೇ ಅಪರಾಧವಲ್ಲ, ಒಳಿತು ಕೆಡುಕು ತೂಗಿ ನೋಡಬೇಕು. ಅದು ಒಪ್ಪದ ಮೇರಿಲ್ಯಾಂಡ್ ರಾಜ್ಯ 2009ರಲ್ಲಿ ತನ್ನದೇ ನಿಷೇಧದ ಕಾನೂನು ಮಾಡಿತು.

ನಮ್ಮಲ್ಲಿ 2002ರ ಸ್ಪರ್ಧಾ ಕಾಯ್ದೆಯ 3(4) ಕಲಮು, ಮರುಮಾರಾಟದ ದರ ಕಟ್ಟಿಹಾಕುವ ಒಪ್ಪಂದದಿಂದ ಸ್ಪರ್ಧೆಗೆ ಪೆಟ್ಟು ಬೀಳುವುದಾದರೆ ಅದನ್ನು ತಡೆಯುತ್ತದೆ. ನಿಗದಿಗಿಂತ ಹೆಚ್ಚು ರಿಯಾಯಿತಿ ಕೊಡದಂತೆ ಡೀಲರುಗಳನ್ನು ತಡೆದ ಕಾರಣಕ್ಕೆ ಸ್ಪರ್ಧಾ ಆಯೋಗ 2021ರಲ್ಲಿ ಮಾರುತಿ ಸುಝುಕಿಗೆ 200 ಕೋಟಿ ರೂ. ದಂಡ ವಿಧಿಸಿತು. ಕಂಪನಿ ಮೇಲ್ಮನವಿ ಸಲ್ಲಿಸಿತು. ‘ಕಂಪನಿ ರೇಟು ಸಾರ್, ಇಳಿಸ್ಲಿಕ್ಕೆ ಆಗುದಿಲ್ಲ’ ಎಂದು ಅಂಗಡಿಯವ ಹೇಳಿದರೆ ಅದು ಅವನ ಇಷ್ಟವೋ ಕಂಪನಿಯ ಕಟ್ಟಳೆಯೋ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಅಡಿಕೆಗೂ ಇದೇ ಲೆಕ್ಕ

ಕನಿಷ್ಠ ದರದ ಬೆಲೆ ನಮ್ಮ ಅಡಿಕೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಕೇಂದ್ರ ಸರಕಾರ 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ದರವನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದಾಗ ತೋಟದವರು ಸಂತೋಷಪಟ್ಟರೆ ಅದು ಸಹಜ. ಮಾರುವಾಗ ನೆಲ ಬೇಕು, ಕೊಳ್ಳುವಾಗ ಅದೇ ನೆಲ ಕಾಲಿಗೆ ಚುಚ್ಚುತ್ತದೆ. ವ್ಯತ್ಯಾಸ ಒಂದೇ. ಅಡಿಕೆಯ ದರ ಗೊತ್ತು ಮಾಡಿದ್ದು ಸರಕಾರ, ಸರಿಯಿಲ್ಲವಾದರೆ ಸಂಸದರಲ್ಲಿ ಕೇಳಬಹುದು, ವೋಟಿನಲ್ಲಿ ಉತ್ತರ ಕೊಡಬಹುದು. ರೈಫಲಿನ ದರ ಗೊತ್ತು ಮಾಡುವುದು ಕಂಪನಿ. ಅದನ್ನು ಕೇಳಲು ಡೀಲರಿಗೆ ಧೈರ್ಯ ಬರುವುದಿಲ್ಲ, ಗಿರಾಕಿಗೆ ದಾರಿ ಇರುವುದಿಲ್ಲ.